ಯಾವ ರಿವಾಲ್ವರ್ ಎಂಬುದಕ್ಕಿಂತ ಮೊದಲಿನ ಪ್ರಶ್ನೆ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಹತ್ತರಗಿ ಎಂದರೆ ಟೋಲ್ ನಾಕಾ ಅಷ್ಟೇ. ಹುಕ್ಕೇರಿ ತಾಲ್ಲೂಕಿನ ಆ ಊರಿನೊಂದಿಗೆ ನನ್ನದು ಹಳೆಯ ನಂಟು. ನಮ್ಮ ಹಿರಿಯರ ಹೊಲ ಅಲ್ಲಿದೆ. ನನ್ನ ಅಣ್ಣನ ಮಗ ಅಲ್ಲಿಯೇ ನೆಲೆಸಿ ಕಬ್ಬು ಬೆಳೆಯುತ್ತಾನೆ, ನಾಲ್ಕು ಲಾರಿ ಓಡಿಸುತ್ತಾನೆ, ಬೀಜ–ಗೊಬ್ಬರದ ಅಂಗಡಿಯನ್ನೂ ಇಟ್ಟಿದ್ದಾನೆ. ಕೆಲವು ವಾರಗಳ ಹಿಂದೆ ಅವನಿಂದ ದೂರವಾಣಿ ಕರೆ ಬಂತು.

‘ಕಾಕಾ, ಲೈಸೆನ್ಸ್ ಆತು. ಎರಡು ಹಳೇ ರಿವಾಲ್ವರ್ ನೋಡಿಟ್ಟೇನಿ. ಗುರಿ ಹೊಡದು ರೂಢಿ ಮಾಡ್ಕೊಳ್ಳಾಕೂ ಬರಬೇಕು, ಸೊಂಟದಾಗ ಇಟ್ಕೊಂಡು ಅಡ್ಡಾಡಾಕೂ ಬರಬೇಕು. ಯಾವುದು ತಗೊಳ್ಳಲಿ, ನೀವ ಬಂದು ಹೇಳ್ರಿ.’

ನನ್ನನ್ನು ಕೇಳಿದ್ದಕ್ಕೆ ಕಾರಣವಿತ್ತು. ಸೇವೆಯಲ್ಲಿದ್ದಾಗ ವರ್ಷಗಳ ಕಾಲ ಶಸ್ತ್ರ ಪರವಾನಗಿಯ ಕಡತಗಳು ನನ್ನ ಮೇಜಿನ ಮೇಲೆ ಹಾದುಹೋಗಿವೆ. ಪೊಲೀಸ್ ವರದಿ ಓದುವುದು, ಅರ್ಜಿದಾರನ ಆಸ್ತಿ, ತೆರಿಗೆ, ವ್ಯಾಜ್ಯಗಳ ವಿವರ ನೋಡುವುದು, ಕೊನೆಗೆ ‘ಶಿಫಾರಸು ಮಾಡಬಹುದು’ ಎಂದು ಬರೆದು ಜಿಲ್ಲಾಧಿಕಾರಿಗಳಿಗೆ ಮಂಡಿಸುವುದು. ಈ ಕೆಲಸವನ್ನು ನಾನು ಶ್ರದ್ಧೆಯಿಂದಲೇ ಮಾಡಿದ್ದೇನೆ ಎಂದು ನಂಬಿದ್ದೆ. ಆದರೆ ಅಷ್ಟೂ ವರ್ಷಗಳಲ್ಲಿ ಒಬ್ಬ ಅರ್ಜಿದಾರನನ್ನಾದರೂ ‘ನಿಮಗೆ ಇದನ್ನು ಹಾರಿಸಲು ಬರುತ್ತದೆಯೇ? ಮನೆಯಲ್ಲಿ ಎಲ್ಲಿ ಇಡುತ್ತೀರಿ?’ ಎಂದು ಕೇಳಿದ ನೆನಪು ನನಗಿಲ್ಲ. ಅಣ್ಣನ ಮಗನ ಜೊತೆ ಎರಡು ರಿವಾಲ್ವರ್‌ಗಳನ್ನು ನೋಡಲು ಹೋದ ಆ ದಿನವೇ ಈ ಪ್ರಶ್ನೆಗಳು ನನ್ನ ಎದುರು ನಿಂತವು. ಓದುಗರಲ್ಲಿ ಬಹುಪಾಲು ಜನ ಎಂದೂ ಬಂದೂಕು ಕೊಳ್ಳುವವರಲ್ಲ. ಆದರೂ ಸರ್ಕಾರ ಯಾರ ಕೈಗೆ, ಯಾವ ಷರತ್ತಿನ ಮೇಲೆ ಆಯುಧ ಕೊಡುತ್ತದೆ ಎಂಬುದು ಎಲ್ಲರಿಗೂ ಸಂಬಂಧಿಸಿದ ವಿಷಯ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಎರಡೂ ರಿವಾಲ್ವರ್‌ಗಳು ಪರವಾನಗಿ ಪಡೆದ ಬಂದೂಕಿನ ಅಂಗಡಿಯೊಂದರಲ್ಲಿ ಠೇವಣಿಯಾಗಿದ್ದವು. ಮೊದಲನೆಯದು ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯಲ್ಲಿ ತಯಾರಾದ .32 ರಿವಾಲ್ವರ್, ಒಬ್ಬ ಗುತ್ತಿಗೆದಾರರದು. ಆರು ಗುಂಡು ಹಿಡಿಯುವ, ಮೂರು ಅಂಗುಲ ಬ್ಯಾರೆಲ್‌ನ, ಸುಮಾರು ಮುಕ್ಕಾಲು ಕಿಲೋ ತೂಗುವ ಈ ಆಯುಧವನ್ನು ಬ್ರಿಟಿಷರ ಕಾಲದ ವೆಬ್ಲಿ ರಿವಾಲ್ವರಿನ ಮಾದರಿಯಲ್ಲಿ ರೂಪಿಸಲಾಗಿದೆ. ಮೇಲಿನ ಚಿಲಕ ತೆಗೆದರೆ ಬ್ಯಾರೆಲ್ ಮುಂದಕ್ಕೆ ಮಡಚಿಕೊಂಡು ಖಾಲಿ ತೋಟಾಗಳು ಹೊರಬರುತ್ತವೆ. ಎರಡನೆಯದು ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿಯ, ಸ್ವಾತಂತ್ರ್ಯಪೂರ್ವದ .32. ಹಳೆಯ ವಾಡೆಯೊಂದರ ವಾರಸುದಾರರು ಮಾರಾಟಕ್ಕಿಟ್ಟದ್ದು. ಅದರ ಬ್ಯಾರೆಲ್ ನಾಲ್ಕು ಅಂಗುಲಕ್ಕೂ ತುಸು ಹೆಚ್ಚು. ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ಕೈಯಲ್ಲಿ ಹಿಡಿದರೆ ಗಡಿಯಾರದಂಥ ನಯ. ನೋಡಿದೊಡನೆ ಅಣ್ಣನ ಮಗನ ಮನಸ್ಸು ಅದರ ಮೇಲೆ ಹೋಗಿತ್ತೆಂದು ಬೇರೆ ಹೇಳಬೇಕಿಲ್ಲ.

ಎರಡೂ .32 ಆಗಿರುವುದು ಕಾಕತಾಳೀಯವಲ್ಲ. ಸೇನೆ ಮತ್ತು ಪೊಲೀಸರು ಬಳಸುವ ತೋಟಾಗಳನ್ನು ಹಾರಿಸಬಲ್ಲ ಆಯುಧಗಳನ್ನು ನಮ್ಮ ಕಾನೂನು ‘ನಿಷೇಧಿತ’ ವರ್ಗದಲ್ಲಿ ಇಟ್ಟಿದೆ. 9 ಮಿ.ಮೀ. ಪಿಸ್ತೂಲು, .380 ಮತ್ತು .455 ರಿವಾಲ್ವರ್‌ಗಳು ಆ ವರ್ಗಕ್ಕೆ ಸೇರುತ್ತವೆ. ಸಾಮಾನ್ಯ ನಾಗರಿಕನ ಪಾಲಿಗೆ ಮುಖ್ಯವಾಗಿ ಉಳಿಯುವುದು .32. ಇನ್ನು 1980ರ ದಶಕದ ಮಧ್ಯಭಾಗದಿಂದ ಖಾಸಗಿಯವರು ವಿದೇಶಿ ಬಂದೂಕು ತರಿಸಿಕೊಳ್ಳುವುದು ಬಹುಮಟ್ಟಿಗೆ ನಿಂತುಹೋಗಿದೆ. ಹೆಸರಾಂತ ಕ್ರೀಡಾ ಗುರಿಕಾರರಿಗೆ ಮಾತ್ರ ವಿನಾಯಿತಿ. ಹೀಗಾಗಿ ದೇಶದಲ್ಲಿರುವ ಹಳೆಯ ವಿದೇಶಿ ರಿವಾಲ್ವರ್‌ಗಳ ಸಂಖ್ಯೆ ಬೆಳೆಯುವಂತಿಲ್ಲ, ಬಯಸುವವರ ಸಂಖ್ಯೆ ಮಾತ್ರ ಬೆಳೆಯುತ್ತಿದೆ. ಅರ್ಥಶಾಸ್ತ್ರದ ಮೊದಲ ಪಾಠ ಓದಿದವರಿಗೂ ಇದರ ಪರಿಣಾಮ ತಿಳಿದೀತು. ಕಾನ್ಪುರದ ಹಗುರ ರಿವಾಲ್ವರ್ ‘ನಿರ್ಭೀಕ್’ 2014ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಬೆಲೆ ಸುಮಾರು 1.22 ಲಕ್ಷ ರೂಪಾಯಿ ಇತ್ತು. ನಾವು ನೋಡಿದ ಆ ಮುದಿ ಅಮೆರಿಕನ್ ರಿವಾಲ್ವರಿಗೆ ವಾರಸುದಾರರು ಹೇಳಿದ ಬೆಲೆ ಅದರ ಹಲವು ಪಟ್ಟು. ತಯಾರಾದ ದೇಶದಲ್ಲಿ ಸಾಮಾನ್ಯ ಹಳೆಯ ಸರಕಾಗಿರುವ ವಸ್ತು ನಮ್ಮಲ್ಲಿ ಅಂತಸ್ತಿನ ಒಡವೆಯಾಗಿದೆ. ಒಡವೆಯ ಬೆಲೆ ಕೊಟ್ಟವನು ರಕ್ಷಣೆ ಕೊಂಡಿದ್ದೇನೆ ಎಂದು ಭಾವಿಸುವುದು ಇಲ್ಲಿನ ಮೊದಲ ತಪ್ಪು.

ಬೆಳಗಾವಿ ಸೀಮೆಯಲ್ಲಿ ಮಾಜಿ ಸೈನಿಕರಿಗೆ ಬರವಿಲ್ಲ. ಸೇನೆಯಲ್ಲಿ ಆಯುಧಗಳ ದುರಸ್ತಿಯನ್ನೇ ವೃತ್ತಿಯಾಗಿ ಮಾಡಿ ನಿವೃತ್ತರಾದ ಹಿರಿಯರೊಬ್ಬರನ್ನು ನಾವು ಜೊತೆಗೆ ಕರೆದೊಯ್ದಿದ್ದೆವು. ಅವರು ಮಾಡಿದ ಪರೀಕ್ಷೆ ನೋಡುವಂತಿತ್ತು. ಮೊದಲು ಎರಡನ್ನೂ ತೆರೆದು ಆರೂ ಕೋಣೆಗಳು ಖಾಲಿ ಇವೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡರು. ಬ್ಯಾರೆಲ್ಲಿನೊಳಗೆ ಬೆಳಕು ಬಿಟ್ಟು ತುಕ್ಕಿನ ಗುಳಿಗಳಿವೆಯೇ ಎಂದು ನೋಡಿದರು. ಹ್ಯಾಮರನ್ನು ನಿಧಾನವಾಗಿ ಎಳೆದು, ಸಿಲಿಂಡರಿನ ಪ್ರತಿಯೊಂದು ಕೋಣೆಯೂ ಬ್ಯಾರೆಲ್ಲಿನ ಎದುರಿಗೆ ಬಂದು ಸರಿಯಾಗಿ ನಿಲ್ಲುತ್ತದೆಯೇ ಎಂದು ಆರು ಬಾರಿ ಪರೀಕ್ಷಿಸಿದರು. ಆಮೇಲೆ ಎಳೆದು ನಿಲ್ಲಿಸಿದ ಹ್ಯಾಮರನ್ನು ಟ್ರಿಗರ್ ಮುಟ್ಟದೆ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಅಮೆರಿಕದ ರಿವಾಲ್ವರಿನ ಹ್ಯಾಮರು ‘ಟಕ್’ ಎಂದು ಬಿತ್ತು.

‘ಸಾಹೇಬರ, ಇದು ಭಾಳ ಸುಂದರ ಐತಿ. ಆದರ ಇದನ್ನ ಕಪಾಟಿನ್ಯಾಗ ಇಡಬೇಕು, ಕಿಸೇದಾಗ ಅಲ್ಲ’ ಎಂದರು ಅವರು.

ವಿವರಣೆ ಸರಳವಾಗಿತ್ತು. ಹ್ಯಾಮರನ್ನು ಹಿಡಿದು ನಿಲ್ಲಿಸುವ ಒಳಗಿನ ಹಲ್ಲು ಸವೆದಿದೆ. ಸಿಲಿಂಡರು ತನ್ನ ಸ್ಥಾನದಲ್ಲಿ ಭದ್ರವಾಗಿ ನಿಲ್ಲದೆ ತುಸು ಅಲುಗುತ್ತದೆ. ಕೋಣೆ ಮತ್ತು ಬ್ಯಾರೆಲ್ ಒಂದೇ ನೇರಕ್ಕೆ ಬಾರದಿದ್ದರೆ ಗುಂಡಿನ ಸೀಸ ಅಂಚಿಗೆ ಉಜ್ಜಿ ಪಕ್ಕಕ್ಕೆ ಸಿಡಿಯಬಹುದು. ಅಷ್ಟು ಹಳೆಯ ರಿವಾಲ್ವರ್ ಕೈತಪ್ಪಿ ಬಿದ್ದರೆ ಗುಂಡು ಹಾರದಂತೆ ತಡೆಯುವ ವ್ಯವಸ್ಥೆ ಒಳಗಿದೆ ಎಂದು ನಂಬಲೂ ಆಗದು. ಅದಕ್ಕಾಗಿಯೇ ಹಿಂದಿನವರು ಹ್ಯಾಮರಿನ ಕೆಳಗಿನ ಒಂದು ಕೋಣೆಯನ್ನು ಖಾಲಿ ಬಿಡುತ್ತಿದ್ದರು. ಬಿಡಿಭಾಗ ಬೇಕೆಂದರೆ ಸಿಗುವುದಿಲ್ಲ, ಇನ್ನೊಂದು ಹಳೆಯದನ್ನು ಬಿಚ್ಚಬೇಕು.

ಕಾನ್ಪುರದ್ದರ ಟ್ರಿಗರ್ ಒರಟು, ಎಳೆಯಲು ಬಲ ಬೇಕು. ಆದರೆ ಚಿಲಕ ಬಿಗಿಯಾಗಿತ್ತು, ಕೋಣೆಗಳು ಸರಿಯಾಗಿ ನಿಲ್ಲುತ್ತಿದ್ದವು, ಬ್ಯಾರೆಲ್ ಕನ್ನಡಿಯಂತಿತ್ತು. ಹತ್ತಾರು ವರ್ಷ ಬಳಸಿದ್ದು ಇಷ್ಟು ಹೊಸದಾಗಿ ಹೇಗಿದೆ ಎಂದು ಕೇಳಿದೆ. ಮಾಲೀಕರು ಒಟ್ಟು ಹತ್ತು ಗುಂಡನ್ನೂ ಹಾರಿಸಿರಲಿಲ್ಲವಂತೆ. ಅಂದರೆ ಅಷ್ಟು ವರ್ಷ ಅದನ್ನು ಸೊಂಟದಲ್ಲಿಟ್ಟು ತಿರುಗಿದ ವ್ಯಕ್ತಿ ಆ ಆಯುಧವನ್ನು ಕಲಿತೇ ಇರಲಿಲ್ಲ. ನನ್ನ ಮಟ್ಟಿಗೆ ಆ ದಿನದ ಮುಖ್ಯ ಸಂಗತಿ ಇದೇ.

ಇನ್ನು ‘ಗುರಿಗೂ ಬೇಕು, ಸೊಂಟಕ್ಕೂ ಬೇಕು’ ಎಂಬ ಬೇಡಿಕೆಗೆ ಬರೋಣ. ಎರಡು ದೋಣಿಯಲ್ಲಿ ಕಾಲಿಟ್ಟಂತೆ ಇದು. ಗುರಿ ಅಭ್ಯಾಸಕ್ಕೆ ಉದ್ದ ಬ್ಯಾರೆಲ್ ಬೇಕು, ಮೃದುವಾದ ಟ್ರಿಗರ್ ಬೇಕು, ಹಿಮ್ಮೆಟ್ಟನ್ನು ತಾಳುವ ತೂಕ ಬೇಕು. ಗುರಿ ನೋಡುವ ಮುಂದಿನ ಮೊನೆಗೂ ಹಿಂದಿನ ಗೀರಿಗೂ ನಡುವಿನ ಅಂತರ 10 ಸೆಂ.ಮೀ. ಇದ್ದು, ಮೊನೆ ಒಂದು ಮಿ.ಮೀ. ಸರಿದರೆ, 10 ಮೀಟರ್ ದೂರದಲ್ಲಿ ಗುಂಡು 10 ಸೆಂ.ಮೀ. ಆಚೆ ಬೀಳುತ್ತದೆ. ಆ ಅಂತರ 15 ಸೆಂ.ಮೀ. ಆದರೆ ಅದೇ ತಪ್ಪಿಗೆ ಗುಂಡು ಸರಿಯುವುದು ಆರೂವರೆ ಸೆಂ.ಮೀ.ಯಷ್ಟು. ಶಾಲೆಯಲ್ಲಿ ಕಲಿತ ಸಮರೂಪ ತ್ರಿಕೋನಗಳ ಲೆಕ್ಕ ಸಾಕು. ಸೊಂಟದಲ್ಲಿ ಇಟ್ಟುಕೊಳ್ಳುವುದಕ್ಕೆ ಇದಕ್ಕೆ ತದ್ವಿರುದ್ಧವಾದುದು ಬೇಕು: ಗಿಡ್ಡ ಬ್ಯಾರೆಲ್, ಕಡಿಮೆ ತೂಕ, ಬಟ್ಟೆಗೆ ಸಿಕ್ಕಿಕೊಳ್ಳದ ಆಕಾರ, ತಪ್ಪಿ ಎಳೆಯಲಾಗದಷ್ಟು ಗಟ್ಟಿಯಾದ ಟ್ರಿಗರ್. ಜೊತೆಗೆ ನಮ್ಮ ಸೀಮೆಯ ಮಳೆಗಾಲವಿದೆ. ಬೆವರು ಮತ್ತು ತೇವ ಸೇರಿ ಉಕ್ಕಿಗೆ ತುಕ್ಕು ಹಿಡಿಯಲು ಎರಡು ವಾರ ಸಾಕು. ದಿನವೂ ಒರೆಸಿ ಎಣ್ಣೆ ಹಚ್ಚುವ ವ್ಯವಧಾನ ಇಲ್ಲದವನಿಗೆ ಸೊಂಟದ ಆಯುಧ ಸಲ್ಲದು.

ಆದ್ದರಿಂದ ನನ್ನ ಉತ್ತರದ ಮೊದಲರ್ಧ ಸುಲಭವಾಗಿತ್ತು. ಎರಡರಲ್ಲಿ ಒಂದನ್ನು ಕೊಳ್ಳಲೇಬೇಕಾದರೆ ಕಾನ್ಪುರದ್ದನ್ನು ಕೊಳ್ಳಬೇಕು. ಅದು ಚೆಂದವಿಲ್ಲ, ಆದರೆ ಯಂತ್ರ ಗಟ್ಟಿಯಾಗಿದೆ, ತಯಾರಿಸಿದ ಕಾರ್ಖಾನೆ ಇಂದಿಗೂ ಇದೆ. 2021ರ ಅಕ್ಟೋಬರ್‌ನಲ್ಲಿ ಆರ್ಡನೆನ್ಸ್ ಫ್ಯಾಕ್ಟರಿ ಮಂಡಳಿ ವಿಸರ್ಜನೆಯಾದ ಮೇಲೆ ಅದು ಕೇಂದ್ರ ಸರ್ಕಾರದ ಹೊಸ ಕಂಪನಿಯೊಂದರ ಅಧೀನಕ್ಕೆ ಬಂದಿದೆಯಷ್ಟೆ. ಗುರಿ ಹೊಡೆಯುವ ಆನಂದವೇ ಬೇಕೆಂದಾದರೆ ಅದಕ್ಕೆ ರಿವಾಲ್ವರ್ ಬೇಕಾಗಿಯೇ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚಿನ ಪದಕ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಆ ಬಗೆಯ .177 ಏರ್ ಪಿಸ್ತೂಲಿಗೆ ಪರವಾನಗಿಯ ತಾಪತ್ರಯವಿಲ್ಲ, ಗುಂಡಿನ ಖರ್ಚು ಅತ್ಯಲ್ಪ, ಕೈ ಪಳಗುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಉತ್ತರದ ಉಳಿದರ್ಧವೇ ಕಠಿಣ. ಸೊಂಟದಲ್ಲಿ ಇಟ್ಟುಕೊಂಡು ತಿರುಗುವ ಅಗತ್ಯ ಏನು? ಅಣ್ಣನ ಮಗನ ಕಾರಣ ಪೊಳ್ಳಲ್ಲ. ಸುಗ್ಗಿಯ ದಿನಗಳಲ್ಲಿ ಅಂಗಡಿ ಮತ್ತು ಲಾರಿಯ ವಹಿವಾಟಿನ ಹಣ ಹಿಡಿದು ರಾತ್ರಿ ಹೊತ್ತು ಸಂಕೇಶ್ವರದಿಂದಲೋ ಬೆಳಗಾವಿಯಿಂದಲೋ ಒಬ್ಬನೇ ಬರುತ್ತಾನೆ. ಒಮ್ಮೆ ಎರಡು ಬೈಕುಗಳು ಅವನನ್ನು ಬಹು ದೂರ ಹಿಂಬಾಲಿಸಿದ್ದವು. ಹೆದರಿದವನಿಗೆ ‘ಹೆದರಬೇಡ’ ಎಂದು ದೂರದಲ್ಲಿ ಕುಳಿತು ಹೇಳುವುದು ಸುಲಭ. ಆದರೆ ಲೆಕ್ಕ ಹಾಕಿ ನೋಡಿ. ಬೈಕಿನಲ್ಲಿ ಬಂದವರು ಕಾರಿನ ಗಾಜಿನ ಬಳಿ ನಿಂತಾಗ ಉಳಿದಿರುವುದು ಎರಡು–ಮೂರು ಸೆಕೆಂಡು. ಸೀಟ್ ಬೆಲ್ಟ್ ಬಿಗಿದು ಕುಳಿತವನು ಅಷ್ಟರಲ್ಲಿ ಅಂಗಿ ಸರಿಸಿ, ಚೀಲದ ಗುಂಡಿ ಬಿಚ್ಚಿ, ಆಯುಧ ಹೊರತೆಗೆದು, ಕತ್ತಲಲ್ಲಿ ಗುರಿ ಹಿಡಿಯಬೇಕು. ವರ್ಷಕ್ಕೊಮ್ಮೆಯೂ ಗುಂಡು ಹಾರಿಸದವನಿಂದ ಇದು ಸಾಧ್ಯವೇ? ಸೊಂಟದಲ್ಲಿ ರಿವಾಲ್ವರ್ ಇದೆಯೆಂದು ತಿಳಿದವನಿಗೆ ಹಣದ ಜೊತೆಗೆ ಇನ್ನೊಂದು ಬೆಲೆಬಾಳುವ ವಸ್ತು ದೋಚುವ ಅವಕಾಶವೂ ಸಿಕ್ಕಂತೆ.

ಆತ್ಮರಕ್ಷಣೆಯ ಹಕ್ಕನ್ನು ಕಾನೂನು ಧಾರಾಳವಾಗಿಯೇ ಕೊಟ್ಟಿದೆ. ಹಿಂದಿನ ದಂಡ ಸಂಹಿತೆಯಲ್ಲಿದ್ದುದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿ ಮುಂದುವರಿದಿದೆ. ಆದರೆ ಅದಕ್ಕೆ ಅಳತೆಯಿದೆ. ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಹಕ್ಕೇ ಹುಟ್ಟುವುದಿಲ್ಲ. ಎರಡು ಸೆಕೆಂಡಿನಲ್ಲಿ ಮಾಡಿದ ತೀರ್ಮಾನವನ್ನು ನ್ಯಾಯಾಲಯ ವರ್ಷಗಟ್ಟಲೆ ತೂಗಿ ನೋಡುತ್ತದೆ.

ನಾನು ಅವನಿಗೆ ಬೇರೊಂದು ಲೆಕ್ಕ ಕೊಟ್ಟೆ. 2016ರಲ್ಲಿ ಯುಪಿಐ ಬಂದ ಮೇಲೆ ಹಳ್ಳಿಯ ಗೊಬ್ಬರದ ಅಂಗಡಿಯಲ್ಲೂ ಮೊಬೈಲಿನಲ್ಲೇ ಹಣ ಸಂದಾಯವಾಗುತ್ತಿದೆ. ಉಳಿದ ನಗದನ್ನು ಹಗಲಿನಲ್ಲೇ ಬ್ಯಾಂಕಿಗೆ ಕಟ್ಟುವುದು, ಹೊತ್ತು ಮತ್ತು ದಾರಿಯನ್ನು ಬದಲಿಸುವುದು, ಜೊತೆಗೊಬ್ಬನನ್ನು ಕರೆದೊಯ್ಯುವುದು, ಅಂಗಡಿಗೆ ವಿಮೆ ಮಾಡಿಸುವುದು. ಇವೆಲ್ಲಕ್ಕೆ ತಗಲುವ ವೆಚ್ಚ ರಿವಾಲ್ವರಿನ ಬೆಲೆಗಿಂತ ಕಡಿಮೆ. ಅಪಾಯ ಕುಗ್ಗುವ ಪ್ರಮಾಣ ಹೆಚ್ಚು. ದೋಚಲು ಹಣವೇ ಇಲ್ಲದ ಕಾರಿನ ಹಿಂದೆ ಯಾವ ಬೈಕೂ ಬರುವುದಿಲ್ಲ.

ನಮ್ಮ ಈ ಚರ್ಚೆ ಹತ್ತರಗಿಯ ಮನೆಯ ಪಡಸಾಲೆಯಲ್ಲಿ ನಡೆಯುತ್ತಿದ್ದಾಗ ಚಹಾ ತಂದಿಟ್ಟ ಸೊಸೆ ಒಂದು ಮಾತು ಹೇಳಿದಳು: ‘ಮಾವಾರ, ನೀವಿಬ್ರೂ ಯಾವುದು ತರೂದಂತ ಮಾತಾಡಾಕತ್ತೀರಿ. ತಂದ ಮ್ಯಾಲ ಮನ್ಯಾಗ ಎಲ್ಲಿ ಇಡೂದಂತ ಯಾರೂ ಹೇಳವಲ್ರಿ.’ ಅವಳ ಹಿರಿಯ ಮಗ ಹತ್ತನೆಯ ತರಗತಿಯಲ್ಲಿದ್ದಾನೆ. ಸಿಟ್ಟು, ನಿರಾಸೆ ಎರಡೂ ಕ್ಷಣದಲ್ಲಿ ಏರಿ ಇಳಿಯುವ ವಯಸ್ಸು.

ಆ ಮಾತು ನನ್ನನ್ನು ಹಳೆಯದೊಂದು ಮಧ್ಯಾಹ್ನಕ್ಕೆ ಕರೆದೊಯ್ದಿತು. ನಾನು ಕೆಲಸ ಮಾಡುತ್ತಿದ್ದ ಜಿಲ್ಲೆಯೊಂದರಲ್ಲಿ, ಹಳ್ಳಿಯ ಹೆಣ್ಣುಮಗಳೊಬ್ಬಳು ಬಟ್ಟೆಯಲ್ಲಿ ಸುತ್ತಿದ ಜೋಡು ನಳಿಕೆಯ ಬಂದೂಕನ್ನು ಪೊಲೀಸ್ ಪೇದೆಯೊಬ್ಬನ ಜೊತೆ ಕಚೇರಿಗೆ ತಂದಿದ್ದಳು. ಗಂಡ ಸಾಲದ ಚಿಂತೆಯಲ್ಲಿ ಅದರಿಂದಲೇ ಪ್ರಾಣ ಕಳೆದುಕೊಂಡಿದ್ದ. ‘ಇದು ನಮ್ಮ ಮನ್ಯಾಗ ಬ್ಯಾಡ್ರಿ ಸಾಹೇಬರ’ ಎಂಬುದನ್ನು ಬಿಟ್ಟು ಅವಳು ಬೇರೇನೂ ಹೇಳಲಿಲ್ಲ. ಕಡತ ತರಿಸಿ ನೋಡಿದೆ. ಪರವಾನಗಿ ನವೀಕರಣದ ಹಾಳೆಯಲ್ಲಿ ‘ಆಕ್ಷೇಪಣೆ ಇಲ್ಲ’ ಎಂದು ಬರೆದು ಸಹಿ ಹಾಕಿದವನು ನಾನೇ. ನಿಯಮದ ಪ್ರಕಾರ ನನ್ನದು ತಪ್ಪಲ್ಲ. ಆದರೂ ಆ ಸಹಿಯ ಮೇಲೆ ನನ್ನ ಕಣ್ಣು ಬಹಳ ಹೊತ್ತು ನಿಂತಿತ್ತು.

ಇದು ಒಬ್ಬರ ಮನೆಯ ದುರ್ದೈವ ಮಾತ್ರವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಸುಮಾರು 2.6 ಕೋಟಿ ವಯಸ್ಕರ ದಾಖಲೆಗಳನ್ನು ಆಧರಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಕೈಬಂದೂಕು ಹೊಂದಿದ ಗಂಡಸರು ಗುಂಡಿಟ್ಟುಕೊಂಡು ಸಾಯುವ ಸಂಭವ ಹೊಂದಿರದ ಗಂಡಸರಿಗಿಂತ ಸುಮಾರು 8 ಪಟ್ಟು ಹೆಚ್ಚು. ನಮ್ಮ ಸಮಾಜ ಬೇರೆ, ಅವರದು ಬೇರೆ ಎನ್ನಬಹುದು. ಆದರೆ ಕೈಗೆಟುಕುವ ಆಯುಧ ಕ್ಷಣಿಕ ಹತಾಶೆಯನ್ನು ಹಿಂತಿರುಗಿಸಲಾಗದ ಕೃತ್ಯವಾಗಿಸುತ್ತದೆ ಎಂಬ ತರ್ಕಕ್ಕೆ ದೇಶದ ಗಡಿಯಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಹಾಗಾದರೆ ನಾಗರಿಕರ ಕೈಯಿಂದ ಆಯುಧವನ್ನೆಲ್ಲ ಕಿತ್ತುಕೊಳ್ಳಬೇಕೇ? ನಾನು ಆ ಪಂಥದವನಲ್ಲ. ಹತ್ತರಗಿಯಿಂದ ಗೋಕಾಕ ದಾಟಿ ಪೂರ್ವಕ್ಕೆ ಹೋದರೆ ಮುಧೋಳ ತಾಲ್ಲೂಕಿನ ಹಲಗಲಿ ಸಿಗುತ್ತದೆ. 1857ರಲ್ಲಿ ಕಂಪನಿ ಸರ್ಕಾರ ಜನರ ಆಯುಧಗಳನ್ನು ವಶಪಡಿಸಿಕೊಳ್ಳಲು ಹೊರಟಾಗ ಅಲ್ಲಿನ ಬೇಡರು ಒಪ್ಪದೆ ದಂಗೆ ಎದ್ದರು. ಊರು ಸುಟ್ಟಿತು, ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಆ ನೆನಪು ಲಾವಣಿಯಾಗಿ ಇಂದಿಗೂ ನಮ್ಮ ಸೀಮೆಯಲ್ಲಿ ಉಳಿದಿದೆ. 1878ರ ಶಸ್ತ್ರ ಕಾಯ್ದೆ ಇಡೀ ದೇಶವನ್ನು ನಿಶ್ಶಸ್ತ್ರಗೊಳಿಸಿ, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಆ ಅವಮಾನಕ್ಕೆ ಉತ್ತರವಾಗಿಯೇ 1931ರ ಕರಾಚಿ ಕಾಂಗ್ರೆಸ್ ತನ್ನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಶಸ್ತ್ರ ಹೊಂದುವ ಹಕ್ಕನ್ನೂ ಸೇರಿಸಿತ್ತು. 1948ರ ಡಿಸೆಂಬರಿನಲ್ಲಿ ಎಚ್.ವಿ. ಕಾಮತ್ ಅವರು ಅದನ್ನು ಸಂವಿಧಾನಕ್ಕೆ ಸೇರಿಸಲು ತಿದ್ದುಪಡಿ ಮಂಡಿಸಿದಾಗ ಡಾ. ಅಂಬೇಡ್ಕರ್ ಒಪ್ಪಲಿಲ್ಲ, ಸಂವಿಧಾನ ಸಭೆಯೂ ತಿರಸ್ಕರಿಸಿತು. ಪರಕೀಯ ಸರ್ಕಾರದ ಎದುರು ಆಯುಧ ಹಿಡಿಯುವುದು ಒಂದು ಮಾತು, ನಮ್ಮದೇ ಗಣರಾಜ್ಯದಲ್ಲಿ ನೆರೆಯವನ ಎದುರು ಹಿಡಿಯುವುದು ಇನ್ನೊಂದು ಮಾತು. ಹೀಗಾಗಿ ನಮ್ಮಲ್ಲಿ ಬಂದೂಕು ಹಕ್ಕಲ್ಲ, ಷರತ್ತುಬದ್ಧ ಅನುಮತಿ.

ಪ್ರಶ್ನೆ ಇರುವುದು ಆ ಷರತ್ತುಗಳ ಗುಣಮಟ್ಟದಲ್ಲಿ. 1959ರ ಶಸ್ತ್ರ ಕಾಯ್ದೆಯಲ್ಲಿ ಒಂದು ಉದಾತ್ತ ಅಂಶವಿದೆ. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸುವಂತಿಲ್ಲ. ಆದರೆ ನಾನು ಕಂಡ ಕಡತಗಳಲ್ಲಿ ಮೊದಲು ಲಗತ್ತಾಗುತ್ತಿದ್ದುದು ಪಹಣಿ ಮತ್ತು ತೆರಿಗೆ ಕಟ್ಟಿದ ಕಾಗದ. ಬೆದರಿಕೆಗಿಂತ ಪ್ರತಿಷ್ಠೆ ಹೆಚ್ಚು ತೂಗುತ್ತಿತ್ತು. 2016ರ ಶಸ್ತ್ರ ನಿಯಮಗಳು ಸುರಕ್ಷತಾ ತರಬೇತಿಯ ಪ್ರಮಾಣಪತ್ರವನ್ನೂ, ಆಯುಧವನ್ನು ಭದ್ರವಾಗಿ ಇಡುವ ಮುಚ್ಚಳಿಕೆಯನ್ನೂ ಕೇಳುತ್ತವೆ. ಇದು ಸ್ವಾಗತಾರ್ಹ. 2019ರ ತಿದ್ದುಪಡಿ ಒಬ್ಬರು ಹೊಂದಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಸಂಭ್ರಮಕ್ಕಾಗಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿತು. ಅದೇ ತಿದ್ದುಪಡಿ ಪರವಾನಗಿಯ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿದೆ. ಅಂದರೆ ಪ್ರಮಾಣಪತ್ರ ಒಮ್ಮೆ ಪಡೆದವನ ಕೈ, ಕಣ್ಣು, ಮನಃಸ್ಥಿತಿಗಳನ್ನು ಮುಂದಿನ 5 ವರ್ಷ ಯಾರೂ ವಿಚಾರಿಸುವುದಿಲ್ಲ. ಅಣ್ಣನ ಮಗನ ಬಳಿಯೂ ಆ ಪ್ರಮಾಣಪತ್ರವಿದೆ. ತರಬೇತಿಯಲ್ಲಿ ಎಷ್ಟು ಗುಂಡು ಹಾರಿಸಿದೆ ಎಂದು ಕೇಳಿದರೆ ನಕ್ಕ.

ಅಕ್ರಮ ಶಸ್ತ್ರಗಳ ಹಾವಳಿ ಇರುವಾಗ ಕಾನೂನು ಪಾಲಿಸುವವರ ಮೇಲೇಕೆ ಕಣ್ಣು ಎಂಬ ಆಕ್ಷೇಪ ಸಹಜ. ಗುಂಡೇಟಿನ ಕೊಲೆಗಳಲ್ಲಿ ಹೆಚ್ಚಿನವು ಪರವಾನಗಿಯಿಲ್ಲದ ಆಯುಧಗಳಿಂದಲೇ ನಡೆಯುತ್ತವೆ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ತೋರಿಸುತ್ತ ಬಂದಿವೆ. 2015ರ ಆಗಸ್ಟ್ 30ರಂದು ಧಾರವಾಡದ ಮನೆಬಾಗಿಲಲ್ಲಿ ಡಾ. ಎಂ.ಎಂ. ಕಲಬುರ್ಗಿಯವರನ್ನು ಬಲಿ ತೆಗೆದುಕೊಂಡದ್ದು ನಾಡಪಿಸ್ತೂಲು. ಅಂಥವನ್ನು ಹತ್ತಿಕ್ಕುವುದು ಪೊಲೀಸರ ಮೊದಲ ಕರ್ತವ್ಯ. ಆದರೆ ಅಕ್ರಮ ಬಂದೂಕಿಗೆ ಸರ್ಕಾರದ ಸಹಿ ಇರುವುದಿಲ್ಲ. ಸಕ್ರಮ ಬಂದೂಕಿಗೆ ಇರುತ್ತದೆ. ಸಹಿ ಹಾಕಿದ ಮೇಲೆ ಹೊಣೆಯೂ ಇರಬೇಕು.

ಆಯುಧದ ಜೊತೆ ಶಿಸ್ತನ್ನೂ ಬೆಳೆಸಿಕೊಂಡ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿಗೆ ಕೈಲ್ ಮುಹೂರ್ತದ ಪೂಜೆಯಿದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಿದೆ, ಎಲ್ಲಕ್ಕಿಂತ ಮುಖ್ಯವಾಗಿ ಮನೆಯ ಹಿರಿಯರ ಕಣ್ಗಾವಲಿದೆ. ನಮ್ಮ ಕಡೆಯೂ ಖಂಡೇನವಮಿಯಂದು ಬಂದೂಕಿಗೆ ಕುಂಕುಮ ಹಚ್ಚುತ್ತೇವೆ. ಮರುದಿನ ಅದನ್ನು ಮರೆಯುತ್ತೇವೆ.

ಆದ್ದರಿಂದ ನನ್ನ ಸಲಹೆಗಳು ಇಷ್ಟು. ಒಂದು, ಪ್ರತಿ ನವೀಕರಣದ ಹೊತ್ತಿಗೆ ಪರವಾನಗಿದಾರ ಆಯುಧವನ್ನು ಸುರಕ್ಷಿತವಾಗಿ ನಿರ್ವಹಿಸಿ, ಗುರಿ ಹೊಡೆದು ತೋರಿಸಬೇಕು. ವಾಹನ ಚಾಲನೆಗೆ ಪರೀಕ್ಷೆ ಇರುವಾಗ ಇದಕ್ಕೇಕೆ ಬೇಡ? ಎರಡು, ಅದಕ್ಕೆ ಅನುಕೂಲವಾಗುವಂತೆ ಜಿಲ್ಲೆಯ ಪೊಲೀಸ್ ಗುರಿ ಅಭ್ಯಾಸದ ಮೈದಾನವನ್ನು ತಿಂಗಳಿಗೊಮ್ಮೆಯಾದರೂ ಶುಲ್ಕ ಪಡೆದು ತೆರೆಯಬೇಕು. ಮೂರು, ಹಳೆಯ ಬಂದೂಕು ಕೈ ಬದಲಾಗುವಾಗ ಅರ್ಹ ತಜ್ಞರು ತಪಾಸಣೆ ಮಾಡಿದ ಪತ್ರ ಕಡ್ಡಾಯವಾಗಬೇಕು. ಮಾರುವವರು 45 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ಅಥವಾ ಪೊಲೀಸ್ ಠಾಣೆಗೆ ಲಿಖಿತ ಮಾಹಿತಿ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಆ ಅವಧಿಯಲ್ಲಿ ಕೊಳ್ಳುವವನ ಹೆಸರನ್ನು ಮಾತ್ರವಲ್ಲ, ಆಯುಧದ ಆರೋಗ್ಯವನ್ನೂ ನೋಡಬಹುದು. ನಾಲ್ಕು, ಪರವಾನಗಿ ಕೊಡುವ ಮುನ್ನ ಮನೆಯ ಇತರ ವಯಸ್ಕ ಸದಸ್ಯರನ್ನು, ವಿಶೇಷವಾಗಿ ಹೆಂಡತಿಯನ್ನು, ಪ್ರತ್ಯೇಕವಾಗಿ ವಿಚಾರಿಸಬೇಕು.

ಕೊನೆಯದಾಗಿ, ಅಗತ್ಯವನ್ನು ಅಳೆಯಲು ಒಂದು ಸಾಧನ ಈಗಾಗಲೇ ಜಿಲ್ಲಾಡಳಿತದ ಕೈಯಲ್ಲಿದೆ. ಚುನಾವಣೆ ಬಂದಾಗಲೆಲ್ಲ, 2023ರ ವಿಧಾನಸಭೆಗೂ 2024ರ ಲೋಕಸಭೆಗೂ ಬಂದಂತೆ, ಪರವಾನಗಿ ಪಡೆದ ಆಯುಧಗಳನ್ನು ಠೇವಣಿ ಇಡಲು ಆದೇಶವಾಗುತ್ತದೆ; ನಿಜವಾದ ಅಪಾಯವಿರುವವರು ಪರಿಶೀಲನಾ ಸಮಿತಿಯಿಂದ ವಿನಾಯಿತಿ ಕೇಳಬಹುದು. ವಾರಗಟ್ಟಲೆ ಆಯುಧವಿಲ್ಲದೆ ನಿಶ್ಚಿಂತೆಯಿಂದ ಇದ್ದವರು ಯಾರು, ವಿನಾಯಿತಿ ಕೇಳಿದವರು ಯಾರು, ಆ ಅವಧಿಯಲ್ಲಿ ದಾಳಿಗೆ ಒಳಗಾದವರು ಯಾರಾದರೂ ಇದ್ದಾರೆಯೇ ಎಂಬ ಲೆಕ್ಕವನ್ನು ನವೀಕರಣದ ಕಡತಕ್ಕೆ ಸೇರಿಸಿದರೆ ಬಹಳಷ್ಟು ಪರವಾನಗಿಗಳ ಅಗತ್ಯ ತಾನಾಗಿಯೇ ಬಯಲಾಗುತ್ತದೆ.

ಅಣ್ಣನ ಮಗ ಕಾನ್ಪುರದ್ದನ್ನೇ ಆರಿಸಿಕೊಂಡಿದ್ದಾನೆ. ಗುತ್ತಿಗೆದಾರರು ಠಾಣೆಗೆ ಮಾಹಿತಿ ಪತ್ರ ಕೊಟ್ಟಿದ್ದು, 45 ದಿನಗಳ ಲೆಕ್ಕ ನಡೆಯುತ್ತಿದೆ. ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆ ಬಾರದೆ ರಿವಾಲ್ವರ್ ಹೊಸ್ತಿಲು ದಾಟಕೂಡದೆಂದು ಸೊಸೆ ಷರತ್ತು ಹಾಕಿದ್ದಾಳೆ. ಅಂಗಡಿಯಲ್ಲಿ ಮೊಬೈಲ್ ಪಾವತಿಯ ಫಲಕ ದೊಡ್ಡದಾಗಿ ಕಾಣುತ್ತಿದೆ, ನಗದು ಈಗ ಹಗಲಿನಲ್ಲೇ ಬ್ಯಾಂಕು ಸೇರುತ್ತಿದೆ. ಸೊಂಟದಲ್ಲಿ ಇಟ್ಟುಕೊಂಡು ತಿರುಗುವ ವಿಚಾರವನ್ನು ಅವನು ಇನ್ನೂ ಪೂರ್ತಿ ಬಿಟ್ಟಿಲ್ಲ. ನಾನೂ ಹೇಳುವುದನ್ನು ಬಿಟ್ಟಿಲ್ಲ. ಹಳೆಯ ಕಡತದ ಆ ಸಹಿಯನ್ನು ಅಳಿಸುವುದು ನನ್ನಿಂದಾಗದು. ಆಗ ಕೇಳದೆ ಬಿಟ್ಟ ಪ್ರಶ್ನೆಯನ್ನು ಈಗಲಾದರೂ ಕೇಳುತ್ತಿದ್ದೇನೆ.